ಇಂಟರ್‌ವ್ಯೂ ಕೊನೆಯಲ್ಲಿ "ನಿಮಗೇನಾದರೂ ಕೇಳೋದಿದೆಯಾ?" ಅಂದರೆ ಏನು ಕೇಳುತ್ತೀರಿ?

ನಮಸ್ಕಾರ ಎಲ್ಲರಿಗೂ. ನಾಲ್ಕು ವರ್ಷದಿಂದ ಅಕೌಂಟ್ಸ್ ಕೆಲಸದಲ್ಲಿದ್ದೇನೆ, ಈಗ ಬೇರೆ ಕಡೆ ಹುಡುಕುತ್ತಿದ್ದೇನೆ. ಎರಡು ತಿಂಗಳಲ್ಲಿ ಮೂರು ಇಂಟರ್‌ವ್ಯೂ ಆಯಿತು. ಕೆಲಸದ ಬಗ್ಗೆ ಏನು ಕೇಳಿದರೂ ಉತ್ತರ ಕೊಡುತ್ತೇನೆ, ಆದರೆ ಕೊನೆಗೆ ಈ ಒಂದು ಮಾತು ಬಂದ ತಕ್ಷಣ ಬಾಯಿ ಕಟ್ಟಿಹೋಗುತ್ತದೆ. ಮೂರು ಸಲವೂ "ಏನಿಲ್ಲ ಸರ್, ಎಲ್ಲಾ ಗೊತ್ತಾಯಿತು" ಅಂತ ಹೇಳಿ ಎದ್ದು ಬಂದೆ. ಹೊರಗೆ ಬಂದ ಮೇಲೆ ಒಂದೊಂದೇ ಪ್ರಶ್ನೆ ನೆನಪಾಗುತ್ತದೆ. ಗುರುವಾರ ಇನ್ನೊಂದು ಇದೆ, ಈ ಕೆಲಸ ನನಗೆ ನಿಜವಾಗಿಯೂ ಬೇಕು. ಸಂಬಳ, ರಜೆ ಬಗ್ಗೆ ಕೇಳಬಹುದಾ? ಕೇಳಬೇಕಲ್ಲ ಅಂತ ಸುಮ್ನೆ ಏನೋ ಕೇಳಿದರೆ ಅವರಿಗೂ ಗೊತ್ತಾಗುತ್ತದೆ ಅಲ್ವಾ?

ಉತ್ತರ 1
ಗೊತ್ತಾಗುತ್ತದೆ. ನಾನು ಮೇಜಿನ ಆ ಕಡೆ ಕೂತು ತುಂಬಾ ಜನರನ್ನು ಮಾತಾಡಿಸಿದ್ದೇನೆ. "ಕಂಪನಿಯ ಮುಂದಿನ ಗುರಿ ಏನು" ಅಂತ ಕೇಳುವವರಲ್ಲಿ ಜಾಸ್ತಿ ಜನಕ್ಕೆ ಆ ಉತ್ತರ ಬೇಕಾಗಿರುವುದಿಲ್ಲ, ನಾವು ಹೇಳುವಾಗ ಅವರ ಕಣ್ಣು ಬಾಗಿಲ ಕಡೆ ಇರುತ್ತದೆ. ನಿಮಗೆ ನಿಜವಾಗಿ ತಿಳಿಯಬೇಕಾದ್ದನ್ನೇ ಕೇಳಿ.

ನನ್ನ ಪ್ರಕಾರ ಬಿಡಲೇಬಾರದ ಪ್ರಶ್ನೆ ಒಂದೇ: ಈ ಜಾಗ ಯಾಕೆ ಖಾಲಿ ಆಯಿತು? ಹೊಸದಾಗಿ ಹುಟ್ಟಿದ ಹುದ್ದೆಯಾ, ಇದ್ದವರಿಗೆ ಪ್ರಮೋಷನ್ ಆಯಿತಾ, ಬಿಟ್ಟು ಹೋದರಾ? ಪ್ರಮೋಷನ್ ಆಗಿದ್ದರೆ ಅವರು ಅಲ್ಲೇ ಇರುತ್ತಾರೆ, ಕೆಲಸ ಹೇಳಿಕೊಡುತ್ತಾರೆ. ಹೊಸ ಹುದ್ದೆ ಆದರೆ ಏನೇನು ಮಾಡಬೇಕು ಅನ್ನುವುದೇ ಇನ್ನೂ ಯಾರಿಗೂ ಸರಿಯಾಗಿ ತೀರ್ಮಾನವಾಗಿರಲಿಕ್ಕಿಲ್ಲ, ಹಾಗಾಗಿ ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನಾಗಬೇಕು ಅಂತ ಅಲ್ಲೇ ಕೇಳಿಬಿಡಿ. ಒಂದೇ ವರ್ಷದಲ್ಲಿ ಇಬ್ಬರು ಮೂವರು ಬಿಟ್ಟಿದ್ದರೆ ಮಾತು ಬದಲಾಯಿಸುತ್ತಾರೆ, ಆಗ ನೀವೇ ಅರ್ಥ ಮಾಡಿಕೊಳ್ಳಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಇನ್ನೊಂದು. "ಇಲ್ಲಿ ವಾತಾವರಣ ಹೇಗಿದೆ" ಅಂತ ಮಾತ್ರ ಕೇಳಬೇಡಿ. ನಾನು ಹಿಂದೊಮ್ಮೆ ಕೇಳಿದ್ದೆ, "ನಾವೆಲ್ಲ ಒಂದೇ ಮನೆಯವರ ಹಾಗೆ" ಅಂದರು, ನಂಬಿ ಸೇರಿದೆ. ದಿನಾ ರಾತ್ರಿ ಒಂಬತ್ತಾದರೂ ಯಾರೂ ಏಳುತ್ತಿರಲಿಲ್ಲ, ಮೊದಲು ಎದ್ದವರನ್ನು ಎಲ್ಲರೂ ನೋಡುತ್ತಿದ್ದರು. ಆರು ತಿಂಗಳಿಗೆ ಬಿಟ್ಟೆ, ಆ ಆರು ತಿಂಗಳಲ್ಲಿ ಆರೋಗ್ಯವೂ ಕೆಟ್ಟಿತು.

ಈಗ ನಡೆದು ಹೋದದ್ದನ್ನು ಕೇಳುತ್ತೇನೆ. ಹೇಗಿದೆ ಅಂದರೆ ಯಾರಾದರೂ ಚೆನ್ನಾಗಿದೆ ಅನ್ನುತ್ತಾರೆ, ಆದರೆ ಹೋದ ತಿಂಗಳು ಏನಾಯಿತು ಅಂದರೆ ನೆನಪು ಮಾಡಿಕೊಂಡೇ ಹೇಳಬೇಕಾಗುತ್ತದೆ. ನಿಮ್ಮದು ಅಕೌಂಟ್ಸ್ ಅಂದಿರಿ, ಹೀಗೆ ಕೇಳಿ ನೋಡಿ: ಹೋದ ತಿಂಗಳ ಕ್ಲೋಸಿಂಗ್ (ತಿಂಗಳ ಲೆಕ್ಕ ಪೂರ್ತಿ ಮುಗಿಸುವುದು) ಎಷ್ಟು ದಿನ ಹಿಡಿಯಿತು, ಯಾವುದರಿಂದ ತಡವಾಯಿತು, ಎಷ್ಟು ಜನ ಮಾಡಿದಿರಿ? ಆಡಿಟ್ ಸಮಯದಲ್ಲಿ ಎಷ್ಟು ಹೊತ್ತಿಗೆ ಹೊರಟಿರಿ? ಇಬ್ಬರು ಬೇರೆ ಬೇರೆ ಇಂಟರ್‌ವ್ಯೂ ಮಾಡಿದರೆ ಇಬ್ಬರಿಗೂ ಇದನ್ನೇ ಕೇಳಿ. ಉತ್ತರ ಹೊಂದುತ್ತದಾ ನೋಡಿ.

ಉತ್ತರ 3
ಸಂಬಳ, ರಜೆ ಮೊದಲ ರೌಂಡಿನಲ್ಲಿ ಬೇಡ. ಅದು ಎಚ್‌ಆರ್ ಜೊತೆ ಮಾತಾಡುವಾಗ ಕೇಳುವುದು. ಆಗ ಮಾತ್ರ ಸಂಕೋಚ ಬೇಡ: ಹೇಳಿದ ಮೊತ್ತದಲ್ಲಿ ತಿಂಗಳು ತಿಂಗಳು ಕೈಗೆ ಬರುವುದೆಷ್ಟು, ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಪೀರಿಯಡ್ ಎಷ್ಟು. ಬಾಯಲ್ಲಿ ಹೇಳಿದ್ದೆಲ್ಲ ಆಫರ್ ಲೆಟರ್‌ನಲ್ಲಿ ಇದೆಯಾ ನೋಡಿಯೇ ಸಹಿ ಹಾಕಿ.

ಉತ್ತರ 4
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದೆ, ಇಲ್ಲವೇ ಕಾಯಿಲೆಯವರು ಇದ್ದಾರೆ, ರಾತ್ರಿ ಪಾಳಿ ಮಾಡಲು ಆಗುವುದೇ ಇಲ್ಲ ಅನ್ನುವವರು ಕೆಲಸದ ಹೊತ್ತನ್ನು ಮೊದಲ ದಿನವೇ ಕೇಳಬೇಕು. ನಾಲ್ಕು ರೌಂಡ್ ಮುಗಿಸಿ ಆಮೇಲೆ ಆಗಲ್ಲ ಅಂದರೆ ಎರಡೂ ಕಡೆಯವರ ಸಮಯ ಹಾಳು. ಕೇಳಿದ್ದಕ್ಕೇ ಬೇಡ ಅಂದರೆ ಆ ಕೆಲಸ ನಿಮಗೆ ಹೊಂದುತ್ತಿರಲಿಲ್ಲ ಅಷ್ಟೇ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಾಗ ಯಾಕೆ ಖಾಲಿ ಆಯಿತು, ಮತ್ತೆ ಕ್ಲೋಸಿಂಗ್ ಪ್ರಶ್ನೆ, ಎರಡನ್ನೂ ಬರೆದಿಟ್ಟುಕೊಂಡೆ. ಅಲ್ಲಿ ಪುಸ್ತಕ ತೆಗೆದು ನೋಡಿಕೊಂಡು ಕೇಳಿದರೆ ತಪ್ಪು ತಿಳಿಯುತ್ತಾರಾ?

ಉತ್ತರ 1
ಇಲ್ಲ, ನನಗಂತೂ ಖುಷಿಯಾಗುತ್ತದೆ, ತಯಾರಾಗಿ ಬಂದಿದ್ದಾರೆ ಅನ್ನಿಸುತ್ತದೆ. ಎರಡು ಮೂರು ಸಾಕು. ಏಳುವ ಮೊದಲು ಯಾವಾಗ ತಿಳಿಸುತ್ತೀರಿ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ದಿನಾ ಫೋನ್ ನೋಡುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ಇವತ್ತು ಮುಗಿಯಿತು. ಕ್ಲೋಸಿಂಗ್ ಬಗ್ಗೆ ಕೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೇಡಂ ಹೇಳಿದರು, ಹನ್ನೊಂದು ದಿನ ಆಯಿತು, ಬಿಲ್‌ಗಳು ತಡವಾಗಿ ಬರುತ್ತವೆ, ಅದಕ್ಕೇ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಿದ್ದೇವೆ ಅಂತ. ನಮ್ಮಲ್ಲೂ ಅದೇ ತೊಂದರೆ ಇತ್ತು, ಹೇಗೆ ಸರಿ ಮಾಡಿಕೊಂಡೆವು ಅಂತ ಹೇಳಿದೆ. ಹತ್ತು ನಿಮಿಷ ಅದೇ ಮಾತಾಯಿತು. ಮುಂದಿನ ಬುಧವಾರದೊಳಗೆ ತಿಳಿಸುತ್ತಾರಂತೆ.