‘ಹಾರ್ಟ್ ಫೇಲ್’ ಎಂದರೆ ಸತ್ತರು ಎಂದೇ ಅರ್ಥವೇ?

ಬಳಗದವರಿಗೆ ನಮಸ್ಕಾರ.

ಮದ್ದೂರಿನ ಹತ್ತಿರದ ಊರಿನಲ್ಲಿರುವ ನನ್ನ ದೊಡ್ಡಮ್ಮ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಇದ್ದು ಮನೆಗೆ ಬಂದರು. ಕೈಗೆ ಕೊಟ್ಟ ಚೀಟಿಯಲ್ಲಿ ‘ಹೃದಯ ವೈಫಲ್ಯ’ ಎಂದಿತ್ತು. ಮೊಮ್ಮಗ ಅದನ್ನು ‘ಹಾರ್ಟ್ ಫೇಲ್’ ಎಂದು ಬಿಡಿಸಿ ಹೇಳಿದ. ದೊಡ್ಡಮ್ಮ ಮಾತ್ರೆ ನಿಲ್ಲಿಸಿಬಿಟ್ಟರು. “ಫೇಲಾದ ಮೇಲೆ ಮಾತ್ರೆ ಯಾತಕ್ಕಪ್ಪ, ದುಡ್ಡು ದಂಡ” ಎಂದರು. ಹದಿನೈದು ದಿನದಲ್ಲಿ ಕಾಲು ಬಾತುಕೊಂಡವು, ಮಲಗಿದರೆ ಉಸಿರು ಕಟ್ಟತೊಡಗಿತು, ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆದರು. ಮತ್ತೆ ಅದೇ ವಾರ್ಡು, ಮತ್ತೆ ಸಾಲ. ಒಂದು ಪದಕ್ಕೆ ಇಷ್ಟು ತೆತ್ತಿದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ.

‘ಕಿಡ್ನಿ ಫೇಲ್ ಆಗಿದೆ’ ಎಂದರೆ ಮನುಷ್ಯ ಬದುಕಿದ್ದಾನೆ, ಡಯಾಲಿಸಿಸ್ ನಡೆಯುತ್ತಿದೆ ಎಂದು ತಿಳಿಯುತ್ತೇವೆ. ‘ಹಾರ್ಟ್ ಫೇಲ್ ಆಯಿತು’ ಎಂದರೆ ಮಾತ್ರ ಅದು ಸಾವಿನ ಸುದ್ದಿ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಹೃದಯ ಸ್ತಂಭನದಲ್ಲಿ ಬಡಿತವೇ ನಿಲ್ಲುತ್ತದೆ. ಹೃದಯ ವೈಫಲ್ಯ ಇವೆರಡೂ ಅಲ್ಲ: ಹೃದಯ ಬಡಿಯುತ್ತಲೇ ಇರುತ್ತದೆ, ಮೈಗೆ ಬೇಕಾದಷ್ಟು ರಕ್ತ ತಳ್ಳುವ ಕಸುವು ಸಾಲದು. ದೊಡ್ಡಮ್ಮನ ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ 35 ಎಂದಿತ್ತು: ಮೈಗೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವುದು ನೂರಕ್ಕೆ ಅಷ್ಟು ಪಾಲು. ಗಟ್ಟಿಮುಟ್ಟಾದ ಹೃದಯದಲ್ಲೂ ನೂರಕ್ಕೆ ನೂರು ಹೋಗುವುದಿಲ್ಲ, ಸುಮಾರು 50ರಿಂದ 70. ಇದನ್ನು ಕೇಳಿದ ಮೇಲೆಯೇ ಅವರು ಮಾತ್ರೆಯ ಡಬ್ಬಿ ಕೇಳಿದ್ದು.

‘ವೈಫಲ್ಯ’ದ ಬದಲಿಗೆ ನನಗೆ ತೋಚಿದ ಪದ ‘ಸೋಲು’. ನಡೆದು ನಡೆದು ಕಾಲು ಸೋತವು ಎನ್ನುತ್ತೇವೆ. ಸೋತ ಕಾಲು ಸತ್ತ ಕಾಲಲ್ಲ, ಆಸರೆ ಕೊಟ್ಟರೆ ಇನ್ನೂ ನಡೆಯುತ್ತದೆ. ‘ವೈಫಲ್ಯ’ದಲ್ಲಿ ಆ ಆಸೆಯೇ ಇಲ್ಲ.

ಇನ್ನು ಇಂಗ್ಲಿಷಿನಲ್ಲಿ ‘ಕಂಜೆಸ್ಟಿವ್ ಹಾರ್ಟ್ ಫೇಲ್ಯೂರ್’ ಎನ್ನುವಾಗ ಬರುವ ‘ಕಂಜೆಸ್ಟಿವ್’. ‘ದಟ್ಟಣೆಯ’ ಎಂದರೆ ನನಗೆ ವಾಹನಗಳೇ ನೆನಪಾಗುತ್ತವೆ. ದೊಡ್ಡಮ್ಮನ ಪದವೇ ಮೇಲು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಎಷ್ಟು ಹೊತ್ತಾದರೂ ಮುಚ್ಚದ ಗುಳಿಯನ್ನು ತೋರಿಸಿ, “ನಾಲೆ ಕೆಳಗಿನ ಗದ್ದೆಯ ಹಾಗೆ ಜೌಗು ಹಿಡಿದಿದೆ” ಎಂದರು. ಬಸಿದು ಹೋಗಲು ದಾರಿಯಿಲ್ಲದೆ ನೀರು ನಿಂತ ನೆಲ ಜೌಗು. ರಕ್ತವನ್ನು ಮುಂದಕ್ಕೆ ತಳ್ಳಲಾರದ ಹೃದಯದ ಹಿಂದೆ, ಶ್ವಾಸಕೋಶದಲ್ಲಿ, ಕಾಲಿನಲ್ಲಿ ನೀರು ನಿಲ್ಲುವುದೂ ಹಾಗೆಯೇ. ಉಪ್ಪು ಏಕೆ ಕಡಿಮೆ, ದಿನವೂ ಬೆಳಿಗ್ಗೆ ತೂಕ ಏಕೆ ಎಂದು ಮತ್ತೆ ವಿವರಿಸಬೇಕಾಗಲಿಲ್ಲ.

‘ಗುಂಡಿಗೆ ಸೋತಿದೆ’ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಯಬಹುದೇ? ಗುಂಡಿಗೆ ಎಂದರೆ ಧೈರ್ಯವೂ ಹೌದಲ್ಲ, ಧೈರ್ಯಗೆಟ್ಟವರು ಎಂದು ಓದಿಕೊಳ್ಳುವ ಅಪಾಯವಿದೆಯೇ? ಕರಾವಳಿಯಲ್ಲಿ, ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಕಾಯಿಲೆಯವರು ತಮ್ಮ ಸ್ಥಿತಿಯನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ?