ತಲಾ 1,200ಕ್ಕೆ ಮಾರಿದ ಎರಡು ಸೈಕಲ್: ನಷ್ಟ ಬಂದದ್ದು ಎಲ್ಲಿಂದ?

ಪ್ರಶ್ನೆ (ಪೋಷಕರು)

ಎಂಟನೆಯ ತರಗತಿಯ ನನ್ನ ಮಗಳಿಗೆ ಶಾಲೆಯಲ್ಲಿ ಕೊಟ್ಟ ಲೆಕ್ಕವಿದು: ವ್ಯಾಪಾರಿಯೊಬ್ಬನು ಎರಡು ಹಳೆಯ ಸೈಕಲ್‌ಗಳನ್ನು ತಲಾ 1,200 ರೂಪಾಯಿಗೆ ಮಾರಿದಾಗ ಒಂದರಲ್ಲಿ ಶೇಕಡಾ 20 ಲಾಭವೂ ಇನ್ನೊಂದರಲ್ಲಿ ಶೇಕಡಾ 20 ನಷ್ಟವೂ ಆದರೆ, ಒಟ್ಟು ವ್ಯವಹಾರದಲ್ಲಿ ಅವನಿಗಾದದ್ದೇನು? ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಉತ್ತರದ ಪುಟದಲ್ಲಿ ಶೇಕಡಾ 4 ನಷ್ಟವೆಂದಿದೆ. ಇದು ಅಚ್ಚಿನ ತಪ್ಪೇ?

ಉತ್ತರ 1 (ಗಣಿತ ಶಿಕ್ಷಕ)

ಅಚ್ಚಿನ ತಪ್ಪಲ್ಲ. ಬೇರೆ ಸೂಚನೆ ಇಲ್ಲದಿದ್ದರೆ ಲಾಭ, ನಷ್ಟಗಳ ಶೇಕಡಾವನ್ನು ಕೊಂಡ ಬೆಲೆಯ ಮೇಲೆಯೇ ಲೆಕ್ಕ ಹಾಕಬೇಕು. ನೀವು ಎರಡಕ್ಕೂ ಕಣ್ಣೆದುರಿನ 1,200ನ್ನೇ ಆಧಾರವಾಗಿ ಹಿಡಿದಿದ್ದೀರಿ. ಮೊದಲ ಸೈಕಲ್ಲಿನಲ್ಲಿ 100 ಕೊಟ್ಟದ್ದು 120ಕ್ಕೆ ಮಾರಾಟವಾಗಿದೆ, ಆದ್ದರಿಂದ ಕೊಂಡ ಬೆಲೆ 1,000. ಎರಡನೆಯದರಲ್ಲಿ 100 ಕೊಟ್ಟದ್ದು 80ಕ್ಕೆ ಹೋಗಿದೆ, ಆದ್ದರಿಂದ ಕೊಂಡ ಬೆಲೆ 1,500. ಲಾಭ 200, ನಷ್ಟ 300. ಒಟ್ಟು 2,500 ರೂಪಾಯಿ ಹಾಕಿ 2,400 ಪಡೆದವನಿಗೆ ನೂರು ರೂಪಾಯಿ, ಅಂದರೆ ಶೇಕಡಾ 4, ನಷ್ಟವೇ ಸರಿ.

ಉತ್ತರ 2 (ದಿನಸಿ ವ್ಯಾಪಾರಿ)

ಗುರುಗಳ ಲೆಕ್ಕ ಸರಿಯಾಗಿದೆ. ಆದರೆ ಅಂಗಡಿಯ ರೂಢಿಯೇ ಬೇರೆ ಎಂಬುದನ್ನೂ ಮಗುವಿಗೆ ತಿಳಿಸಿ. 75 ರೂಪಾಯಿಗೆ ತಂದ ಸಾಮಾನನ್ನು 100ಕ್ಕೆ ಮಾರಿದರೆ ನಾವು ಸಾಮಾನ್ಯವಾಗಿ ಶೇಕಡಾ 25 ಮಾರ್ಜಿನ್ ಎನ್ನುತ್ತೇವೆ, ಏಕೆಂದರೆ ನಮ್ಮ ಲೆಕ್ಕ ಮಾರಿದ ಬೆಲೆಯ ಮೇಲೆ. ಪಠ್ಯಪುಸ್ತಕದ ಪ್ರಕಾರ ಅದೇ ಲಾಭ ಶೇಕಡಾ 33⅓ ಆಗುತ್ತದೆ. ನನ್ನ ಮಗನೂ ಪರೀಕ್ಷೆಯಲ್ಲಿ ಅಂಗಡಿಯ ಲೆಕ್ಕ ಬರೆದು ಅಂಕ ಕಳೆದುಕೊಂಡಿದ್ದ!

ಉತ್ತರ 3

ಇಪ್ಪತ್ತನ್ನು ಇಪ್ಪತ್ತರಿಂದ ಗುಣಿಸಿ ನೂರರಿಂದ ಭಾಗಿಸಿದರೆ ನೇರವಾಗಿ 4 ಬರುತ್ತದೆ, ಇಷ್ಟುದ್ದದ ವಿವರಣೆ ಬೇಕಿಲ್ಲ.

ಉತ್ತರ 4 (ಗಣಿತ ಶಿಕ್ಷಕ)

ಆ ಸುಲಭಸೂತ್ರ ನಡೆಯುವುದು ಎರಡೂ ವಸ್ತುಗಳ ಮಾರಿದ ಬೆಲೆ ಒಂದೇ ಆಗಿದ್ದು, ಲಾಭ ಮತ್ತು ನಷ್ಟದ ಶೇಕಡಾ ಕೂಡ ಒಂದೇ ಆಗಿದ್ದಾಗ ಮಾತ್ರ. ಪ್ರಶ್ನೆಯಲ್ಲಿ ‘ಮಾರಿದನು’ ಎಂಬುದು ‘ಕೊಂಡನು’ ಎಂದಾದರೆ ಏನಾಗುವುದೆಂದು ಮಗಳೇ ಲೆಕ್ಕ ಹಾಕಿ ನೋಡಲಿ.

ಪ್ರಶ್ನೆ ಕೇಳಿದವರು

ನೋಡಿದಳು. ತಲಾ 1,200ಕ್ಕೆ ಕೊಂಡಿದ್ದರೆ ಒಂದು 1,440ಕ್ಕೂ ಇನ್ನೊಂದು 960ಕ್ಕೂ ಮಾರಾಟವಾಗಿ ಹಾಕಿದ 2,400 ಹಾಗೆಯೇ ಮರಳುತ್ತದೆ. ನಾವು ಬರೆದಿದ್ದ ಉತ್ತರ ಈ ಪ್ರಶ್ನೆಯದ್ದಾಗಿತ್ತು. ಇಬ್ಬರಿಗೂ ಧನ್ಯವಾದಗಳು.