ಕುದಿಸಿ ತುಂಬಿದ ಮಾವಿನ ತಿರುಳಿಗೂ ಬೂಷ್ಟು ಹಿಡಿಯುವುದೇಕೆ?

ಪ್ರಶ್ನೆ (ಕೆಲಗೇರಿ, ಧಾರವಾಡ):
ನಾಲ್ಕು ವರ್ಷದಿಂದ ಮನೆಯಲ್ಲೇ ಆಪೂಸ್ ಮಾವಿನ ತಿರುಳನ್ನು ಕುದಿಸಿ, ಬಿಸಿ ಇರುವಾಗಲೇ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಮಾರುತ್ತಿದ್ದೇನೆ. ಈ ಸಲ ಗಾಳಿಮಳೆಗೆ ಉದುರಿದ ಹಣ್ಣನ್ನೂ ಆರಿಸಿ, ಬಟ್ಟೆಯಿಂದ ಒರೆಸಿ ಬಳಸಿದೆ. ಎರಡು ತಿಂಗಳ ಮೇಲೆ ನೋಡಿದರೆ ಹದಿನೇಳು ಬಾಟಲಿಗಳ ಕೊರಳಲ್ಲಿ ಎಂಟಾಣೆ ಅಗಲದ ಬಿಳಿ ಬೂಷ್ಟು, ಅದರಡಿಯ ತಿರುಳು ಸಾರಿನಂತೆ ತೆಳ್ಳಗೆ. ಕುದಿಸಿದ್ದರಲ್ಲಿ ಇದು ಬದುಕಿದ್ದು ಹೇಗೆ? ಮೇಲಿನದನ್ನು ತೆಗೆದು ಮತ್ತೆ ಕುದಿಸಿದರೆ ನಡೆದೀತೇ?

ಉತ್ತರ 1:
ಅಕ್ಕನವರೇ, ಪ್ರಯೋಗಾಲಯದಲ್ಲಿ ನೋಡದೆ ಖಚಿತವಾಗಿ ಹೇಳಲಾಗದು. ಆದರೆ ನೀವು ಬರೆದ ಲಕ್ಷಣಗಳು ಬಿಸೋಕ್ಲಾಮಿಸ್ ಎಂಬ ಬೂಷ್ಟಿಗೆ ಹೊಂದುತ್ತವೆ. ಇದರ ಫಲ್ವಾ ಎಂಬ ಜಾತಿಯನ್ನು 1933ರಲ್ಲಿ ಇಂಗ್ಲೆಂಡಿನಲ್ಲಿ, ಕೆಟ್ಟುಹೋದ ಡಬ್ಬಿ ಹಣ್ಣುಗಳಿಂದಲೇ ಗುರುತಿಸಿದ್ದರು. ಇದರ ಮನೆ ಮಣ್ಣು. ಒಂದೊಂದು ಸಣ್ಣ ಚೀಲದಲ್ಲಿ ಎಂಟೆಂಟರಂತೆ ಹುಟ್ಟುವ ಇದರ ದಪ್ಪಗೋಡೆಯ ಬೀಜಕಗಳು 85 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಸಲೀಸಾಗಿ ತಾಳುತ್ತವೆ, 90 ಡಿಗ್ರಿಯಲ್ಲೂ ಕೆಲವು ನಿಮಿಷ ಉಳಿಯುತ್ತವೆ. ಅಷ್ಟೇ ಅಲ್ಲ, ಮಲಗಿದ್ದ ಬೀಜಕಕ್ಕೆ ಆ ಬಿಸಿಯಿಂದಲೇ ಎಚ್ಚರವಾಗುತ್ತದೆ. ಗಟ್ಟಿ ತಿರುಳು ಪಾತ್ರೆಯ ತಳದಲ್ಲಿ ಗುಳುಗುಳು ಎನ್ನುವಾಗ ಎಲ್ಲೆಡೆ ಅಷ್ಟೇ ಬಿಸಿಯಾಗಿರುತ್ತದೆ ಎಂದು ನಂಬುವಂತಿಲ್ಲ. ಮುಚ್ಚಿದ ಬಾಟಲಿಯಲ್ಲಿ ಉಳಿದ ಚೂರು ಆಮ್ಲಜನಕವೇ ಇದಕ್ಕೆ ಸಾಕು. ತಿರುಳು ತೆಳ್ಳಗಾದದ್ದು, ಹಣ್ಣಿಗೆ ಗಟ್ಟಿತನ ಕೊಡುವ ಪೆಕ್ಟಿನನ್ನು ಇದರ ಕಿಣ್ವಗಳು ಕರಗಿಸುವುದರಿಂದ. ಒರೆಸಿದರೆ ಮಣ್ಣು ಹೋದಂತೆ ಕಾಣುತ್ತದೆ, ತೊಟ್ಟಿನ ಸಂದಿಯಲ್ಲಿ ಉಳಿದೇ ಇರುತ್ತದೆ.

ಉತ್ತರ 2:
ಮೇಲಿನದನ್ನು ಕೆರೆದು ಬಳಸುವ ಮಾತೇ ಬೇಡ. ಇದೇ ಕುಲದ ನಿವಿಯಾ ಜಾತಿ ಪ್ಯಾಟುಲಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. (1940ರ ದಶಕದಲ್ಲಿ ಇದನ್ನೇ ನೆಗಡಿಗೆ ಮದ್ದೆಂದು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ್ದರು, ಫಲಿಸಲಿಲ್ಲ.) ಹುಳಿಯಿರುವ ಹಣ್ಣಿನ ರಸದಲ್ಲಿ ಅದು ಕುದಿಸಿದರೂ ಬಹುಮಟ್ಟಿಗೆ ನಾಶವಾಗದು, ಬೂಷ್ಟು ಕಾಣದ ಭಾಗಕ್ಕೂ ಇಳಿದಿರಬಹುದು. ಸೇಬಿನ ರಸದಲ್ಲಿ ನಮ್ಮ ಆಹಾರ ಸುರಕ್ಷತಾ ನಿಯಮವು ಒಂದು ಕಿಲೋಗೆ 50 ಮೈಕ್ರೋಗ್ರಾಂಗಿಂತ ಹೆಚ್ಚು ಪ್ಯಾಟುಲಿನ್ ಇರಕೂಡದೆನ್ನುತ್ತದೆ. ಅದನ್ನು ಕಣ್ಣು, ಮೂಗು, ನಾಲಿಗೆಯಿಂದ ಅಳೆಯಲಾಗದು. ಅದೇ ದಿನ ತುಂಬಿದ ಬೇರೆ ಬಾಟಲಿಗಳನ್ನೂ ಮಾರಬೇಡಿ, ಮಾರಿದ್ದರೆ ಗಿರಾಕಿಗಳಿಗೆ ತಿಳಿಸಿ. ಮುಂದಿನ ಹಂಗಾಮಿಗೆ ಗಿಡದಿಂದ ಕಿತ್ತ ಹಣ್ಣನ್ನಷ್ಟೇ ಹರಿಯುವ ನೀರಿನಲ್ಲಿ ತೊಳೆದು, ತೊಟ್ಟಿನ ಭಾಗ ಕೊಯ್ದು ತೆಗೆಯಿರಿ. ಫ್ರೀಜರ್ ಇದ್ದರೆ ಮೈನಸ್ 18 ಡಿಗ್ರಿಯಲ್ಲಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎಮ್ಮೆಯ ಬಾನಿಗಾದರೂ ಸುರಿಯಬಹುದೇ?

ಉತ್ತರ 2:
ಬೇಡ. ಹುದುಗಿಸಿದ ಮೇವಿನಲ್ಲೂ ಇದೇ ಬೂಷ್ಟು ಬೆಳೆಯುವುದುಂಟು, ದನಗಳಿಗೂ ಅದು ಒಳ್ಳೆಯದಲ್ಲ. ಮಾವಿನ ಗಿಡಗಳ ಬುಡಕ್ಕೂ ಸುರಿಯಬೇಡಿ. ತೋಟದಿಂದ ದೂರ ಗುಂಡಿ ತೋಡಿ ಹುಗಿಯಿರಿ.